ಪಿಎಚ್‌ಡಿ ಮಾಡಿ ಏನು ದೀಪ ಹಚ್ಚುತ್ತಾರೆ?

ಪಿಂಪ್ರಿ, ಚಿಂಚವಾಡ, ಭೋಸರಿ, ಆಕುರ್ಡಿ, ನಿಗಡಿಯ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ,

2023ರ ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿದವರು ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರ್. ಚರ್ಚೆ ನಡೆದದ್ದು ಮಹಾರಾಷ್ಟ್ರ ಸರ್ಕಾರದ ಸಾರಥಿ ಸಂಸ್ಥೆ ಪಿಎಚ್‌ಡಿ ಸಂಶೋಧಕರಿಗೆ ಕೊಡುವ ಫೆಲೋಶಿಪ್ ಬಗ್ಗೆ. ಉತ್ತರ ನಮ್ಮ ಪಿಂಪ್ರಿ ಚೌಕದಲ್ಲೇ ಬಾಬಾಸಾಹೇಬ ಅಂಬೇಡ್ಕರರ ಪುತ್ಥಳಿಯಾಗಿ ನಿಂತಿದೆ. 1913ರಲ್ಲಿ ಬರೋಡಾ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಟ್ಟು ಕೊಲಂಬಿಯಾಕ್ಕೆ ಕಳಿಸಿದ್ದ ಆ ಯುವಕ ಹಚ್ಚಿದ ದೀಪ ಯಾವುದೆಂದು, ಹಾಗೆ ಕೇಳುವವರು ಅಲ್ಲಿ ಹೋಗಿ ಕೇಳಲಿ.

ನಾವು ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಎಂಐಡಿಸಿ ಶೆಡ್ಡಿನಲ್ಲಿ ಶಿಫ್ಟು ಮುಗಿದ ಮೇಲೂ ನಿಲ್ಲಿಸಿಕೊಂಡರೆ ಓಟಿ ಎಷ್ಟು ಅಂತ ಕೇಳುತ್ತೇವೆ. ಪಿಎಚ್‌ಡಿ ಮಾಡುವ ನಮ್ಮ ಮಕ್ಕಳು ಗೈಡ್ ಎದುರು ಹಾಗೆ ಬಾಯಿ ತೆರೆಯುವಂತಿಲ್ಲ. ಗೈಡ್ ಪಾಲಿನ ಉತ್ತರಪತ್ರಿಕೆ ತಿದ್ದಬೇಕು, ಅವರ ಮಗನನ್ನು ಟ್ಯೂಷನ್ನಿಗೆ ಬಿಡಬೇಕು, ತಾನು ಬರೆದ ಲೇಖನಕ್ಕೆ ಅವರ ಹೆಸರು ಮೊದಲು ಹಾಕಬೇಕು. ಕೊನೆಗೆ ವೈವಾ ದಿನ ಪರೀಕ್ಷಕರ ಲಾಡ್ಜು, ಊಟ, ಶಾಲು, ಎಲ್ಲ ಸಾಲ ಮಾಡಿ. ಇದಕ್ಕೆ ಗುರುಭಕ್ತಿ ಅಂತ ಹೆಸರು! ಎಲ್ಲ ಗೈಡ್‌ಗಳೂ ಹೀಗಲ್ಲ, ಒಪ್ಪೋಣ. ಆದರೆ ಒಂದು ಸಹಿಗಾಗಿ ಐದಾರು ವರ್ಷ ತಲೆತಗ್ಗಿಸುವ ವ್ಯವಸ್ಥೆಯಲ್ಲಿ ಒಳ್ಳೆಯವರು ಸಿಗುವುದು ಹಣೆಬರಹದ ಮಾತು.

ಫೆಲೋಶಿಪ್ ನಾಲ್ಕು ತಿಂಗಳು ತಡವಾದರೆ ಪ್ರೊಫೆಸರರ ಮಗ ಮನೆಯಿಂದ ತರಿಸಿಕೊಳ್ಳುತ್ತಾನೆ. ನಮ್ಮ ಹುಡುಗ ಡೆಲಿವರಿ ಬ್ಯಾಗು ಹೊರುತ್ತಾನೆ, ಹುಡುಗಿಗೆ ಊರಿನಲ್ಲಿ ಗಂಡು ನೋಡುತ್ತಾರೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲನಿಗೆ ಫೆಲೋಶಿಪ್ ನಿಂತಿತ್ತು, ಹಾಸ್ಟೆಲ್ ಬಾಗಿಲು ಮುಚ್ಚಿತ್ತು. 2016ರ ಜನವರಿ 17ರಂದು ಜೀವ ಬಿಟ್ಟ.

ಸುಮ್ಮನಿದ್ದರೆ ಯಾರೂ ಕೊಡುವುದಿಲ್ಲ. ನೆಟ್ ಪಾಸಾಗದ ಸಂಶೋಧಕರಿಗೆ ಸಿಗುತ್ತಿದ್ದ ತಿಂಗಳ 8,000 ರೂಪಾಯಿಯನ್ನೂ 2015ರಲ್ಲಿ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿ ಮುಂದೆ ಲಾಠಿ ತಿಂದು ಕುಳಿತರು. ಹಣ ಉಳಿಯಿತು.

ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಸಂಶೋಧಕ ಮಕ್ಕಳೇ, ಗೈಡ್ ಹೇಳಿದ ಪ್ರತಿ ಹೊರಗೆಲಸವನ್ನೂ ತಾರೀಖು ಹಾಕಿ ಬರೆದಿಡಿ, ಮೆಸೇಜು ಅಳಿಸಬೇಡಿ. ದೂರು ಕೊಡಲು ಒಬ್ಬರೇ ಹೋಗಬೇಡಿ. ಅಪ್ಪ ಅಮ್ಮಂದಿರೇ, ‘ಹೊಂದಿಕೊಂಡು ಹೋಗು’ ಅನ್ನಬೇಡಿ. ಕಾರ್ಖಾನೆ ಗೇಟಿನಲ್ಲಿ ನೀವು ಹಾಗೆ ಹೊಂದಿಕೊಂಡವರಲ್ಲ.

ಫೆಲೋಶಿಪ್ ತಿಂಗಳು ತಿಂಗಳು ಬರಲಿ. ವೈವಾ ಖರ್ಚು ವಿಶ್ವವಿದ್ಯಾಲಯವೇ ಭರಿಸಲಿ. ಗೈಡ್ ಬದಲಿಸಿಕೊಳ್ಳಲು ಕೇಳಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ನಿಲ್ಲಲಿ.

ಬರುವ ಭಾನುವಾರ ಸಂಜೆ 5ಕ್ಕೆ ಪಿಂಪ್ರಿ ಚೌಕದ ಬಾಬಾಸಾಹೇಬರ ಪುತ್ಥಳಿಯ ಹತ್ತಿರ ಸೇರೋಣ. ಮಕ್ಕಳನ್ನೂ ಕರೆತನ್ನಿ, ಮರಾಠಿ ನೆರೆಯವರನ್ನೂ ಕರೆತನ್ನಿ. ಕೈಯಲ್ಲಿ ಒಂದೊಂದು ಹಣತೆ ಇರಲಿ, ಎಣ್ಣೆ ನಾವು ತರುತ್ತೇವೆ.