ಕೀಲಿಮಣೆಯಲ್ಲಿ ಸ್ವರಾಜ್ಯ

ಸುರಪುರ ಸೀಮೆಯ ಕಕ್ಕೇರಾ ಎಂಬ ಊರಿನ ಹೆಸರನ್ನು ಕಚೇರಿಯ ಗಣಕಯಂತ್ರದಲ್ಲಿ ಬರೆಯಲು ಎಷ್ಟು ಸಲ ಬೆರಳು ಊರಬೇಕು? ಸರಕಾರದವರು ಮಾನ್ಯ ಮಾಡಿರುವ 'ನುಡಿ'ಯ ವಿನ್ಯಾಸದಲ್ಲಿ ಲೆಕ್ಕವು ಹೀಗಿರುವದು: ಕೆ, ಕೆ, ಎಫ್, ಕೆ, ಇ, ಆರ್, ಎ. ಒಟ್ಟು ಏಳು ಕೀಲಿಗಳು. ಆದರೆ ಲೆಕ್ಕವು ಇಲ್ಲಿಗೆ ಮುಗಿಯಲಿಲ್ಲ. 'ಕೇ' ಎಂಬಲ್ಲಿಯೂ 'ರಾ' ಎಂಬಲ್ಲಿಯೂ ದೀರ್ಘವು ಬರುವದರಿಂದ ಆ ಎರಡು ಕಡೆ ಬಲಗೈಯ ಕಿರುಬೆರಳು ಮೂಲೆಗೆ ಚಾಚಿ ಶಿಫ್ಟ್ ಎಂಬ ಕೀಲಿಯನ್ನು ಅದುಮಿ ಹಿಡಿದಿರಬೇಕು. ಅಂದರೆ ಒಂದು ಊರಿನ ಹೆಸರಿಗೆ ಒಂಬತ್ತು ಸಲದ ಒತ್ತು; ಅದರಲ್ಲಿ ಎರಡು ಸಲದ ದುಡಿತವು ಐದು ಬೆರಳುಗಳೊಳಗೆ ಅತ್ಯಂತ ದುರ್ಬಲವಾದ ಬೆರಳಿನ ಪಾಲಿಗೆ ಬಂದಿರುವದು.

ಇದು ಅಲ್ಪ ಸಂಗತಿಯೆಂದು ನಮ್ಮ ವಾಚಕರಲ್ಲಿ ಕೆಲವರು ನಗಬಹುದು. ನಗುವ ಮೊದಲು ತಮ್ಮ ಮೇಜಿನ ಮೇಲಿನ ಯಾವದೇ ಕಾಗದವನ್ನು ಕೈಗೆತ್ತಿಕೊಂಡು ಎಣಿಸಿ ನೋಡಬೇಕೆಂದು ನಾವು ವಿನಂತಿಸುತ್ತೇವೆ. 'ಆದೇಶ' ಎಂಬ ಮಾತಿಗೆ ನಾಲ್ಕೇ ಕೀಲಿ; ಅವುಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕು. 'ಭೂಮಿ' ಎಂಬುದಕ್ಕೆ ನಾಲ್ಕರಲ್ಲಿ ಎರಡು, 'ಖಾತೆ'ಗೆ ನಾಲ್ಕರಲ್ಲಿ ಎರಡು, 'ಮಂಜೂರಾತಿ'ಗೆ ಎಂಟರಲ್ಲಿ ಮೂರು. ಅಣೆಕಟ್ಟು ಇರುವ ನಾರಾಯಣಪುರಕ್ಕೆ ಮೂರು, ಅಲ್ಲಿ ಕಟ್ಟಿ ನಿಲ್ಲಿಸಿದ ಕೃಷ್ಣಾ ನದಿಗೂ ಮೂರು, ಶಹಾಪುರಕ್ಕೆ ಎರಡು. ಸುರಪುರದವರು ಭಾಗ್ಯವಂತರು, ಅವರ ಊರಿನ ಹೆಸರಿನಲ್ಲಿ ದೀರ್ಘವೂ ಇಲ್ಲ, ಮಹಾಪ್ರಾಣವೂ ಇಲ್ಲ. 'ಕನ್ನಡ' ಎಂಬ ಶಬ್ದಕ್ಕೂ ಶಿಫ್ಟ್ ಬೇಡವೆಂಬದು ಒಂದು ವಿನೋದವೇ ಸರಿ. ಆದರೆ ಕನ್ನಡದಲ್ಲಿ ಆಡಳಿತ ನಡೆಸಹೊರಟ ಕೂಡಲೆ ದೀರ್ಘ ಸ್ವರಗಳು, ಮಹಾಪ್ರಾಣಗಳು, ಅನುಸ್ವಾರ, ಶಕಾರ, ಣಕಾರ, ಳಕಾರಗಳು ಸಾಲುಸಾಲಾಗಿ ಬರುವವು. ಇವೆಲ್ಲವೂ ಶಿಫ್ಟಿನ ಅಡಿಯಾಳುಗಳು.

ಈ ದೋಷವು ವಿನ್ಯಾಸಕರ್ತರದಲ್ಲವೆಂದು ಮೊದಲೇ ಹೇಳಬೇಕು. ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು ಕನ್ನಡದ ಇಡೀ ವರ್ಣಮಾಲೆಯನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಹಿಡಿಸಿ, ಕಾಗುಣಿತವನ್ನೂ ಒತ್ತಕ್ಷರವನ್ನೂ ಯಂತ್ರವೇ ರಚಿಸುವಂತೆ ಮಾಡಿದ್ದು ಸಾಮಾನ್ಯವಾದ ಉಪಕಾರವಲ್ಲ. ಅದಕ್ಕೆ ಮುಂಚೆ ಕೆ. ಅನಂತ ಸುಬ್ಬರಾಯರು ಬೆರಳಚ್ಚು ಯಂತ್ರದ ಉಕ್ಕಿನ ಮೊಳೆಗಳಲ್ಲಿ ಕನ್ನಡವನ್ನು ಕೂಡಿಸಲು ಪಟ್ಟ ಪಾಡನ್ನು ಬಲ್ಲವರಿಗೆ ರಾಯರ ಯುಕ್ತಿಯ ಬೆಲೆ ತಿಳಿಯುವದು. ಅರ್ಧಾಕ್ಷರದ ಚಿಹ್ನೆಯನ್ನು ಎಫ್ ಕೀಲಿಗೆ, ಅಂದರೆ ಎಡಗೈಯ ತೋರುಬೆರಳು ತಾನಾಗಿಯೇ ಕೂಡುವ ಸ್ಥಾನಕ್ಕೆ ತಂದಿಟ್ಟದ್ದರಲ್ಲಿ ಎಷ್ಟು ವಿವೇಕವಿದೆ! ದೋಷವಿರುವದು ಅಕ್ಷರಗಳ ಹಂಚಿಕೆಯಲ್ಲಿ ಅಲ್ಲ. ಅವುಗಳನ್ನು ಹಂಚಲು ನಮಗೆ ದೊರೆತ ಮಣೆಯಲ್ಲಿ.

ಆ ಮಣೆಯು ಎಲ್ಲಿಯದು? ಅಮೇರಿಕೆಯ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಶೋಲ್ಸ್ ಎಂಬವನು 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟು ಪಡೆದನು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿಯವರು ಅದನ್ನು ಮಾರಾಟಕ್ಕೆ ತಂದರು. ಆ ಮೊದಲ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಸಣ್ಣಕ್ಷರ ದೊಡ್ಡಕ್ಷರಗಳೆರಡನ್ನೂ ಒಂದೇ ಕೀಲಿಯಿಂದ ಪಡೆಯುವದಕ್ಕಾಗಿ 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಬಂದಿತು. ಇಂಗ್ಲಿಷಿನವನಿಗೆ ಅದು ವಾಕ್ಯದ ಆರಂಭದಲ್ಲಿ ಒಮ್ಮೆ, ಅಂಕಿತನಾಮದಲ್ಲಿ ಒಮ್ಮೆ ಬೇಕಾದ ಅಪರೂಪದ ಕೀಲಿ. ಅಪರೂಪದ್ದನ್ನು ಮೂಲೆಗೆ ಇಟ್ಟು ಕಿರುಬೆರಳಿಗೆ ಒಪ್ಪಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಕೀಲಿಗಳ ಸಾಲುಗಳು ಒಂದಕ್ಕೊಂದು ಓರೆಯಾಗಿರುವದು ಕೂಡ ಅಂದಿನ ಯಂತ್ರದ ಸನ್ನೆಕೋಲುಗಳು ಒಂದಕ್ಕೊಂದು ತಗಲದಿರಲೆಂದು ಮಾಡಿದ ಏರ್ಪಾಡು. ಇಂದು ಸನ್ನೆಕೋಲುಗಳಿಲ್ಲ, ಓರೆ ಮಾತ್ರ ಉಳಿದಿದೆ. ಅನ್ಯರ ಭಾಷೆಗೆ, ಅನ್ಯರ ಯಂತ್ರಕ್ಕೆ ಹೊಂದಿಸಿದ ಮಣೆಯ ಮೇಲೆ ಕಕ್ಕೇರಾದ ಗುಮಾಸ್ತನೂ ವಿಧಾನಸೌಧದ ಗುಮಾಸ್ತನೂ ದಿನವಿಡೀ ಪ್ರತಿ ಶಬ್ದಕ್ಕೂ ಆ ಮೂಲೆಯ ಕೀಲಿಯನ್ನು ಹುಡುಕುತ್ತಿರುವದು ಮಾತ್ರ ಯೋಚಿಸತಕ್ಕ ಸಂಗತಿ.

ಇದಕ್ಕೆ ಪರಿಹಾರವು ಈಗ ನಮ್ಮ ಕೈಯಳತೆಯಲ್ಲಿಯೇ ಬಂದಿದೆ. ಎರಡು ಹೋಳಾಗಿ ಸೀಳಿದ, ತನ್ನ ಕೈಗೆ ತಾನೇ ಕಟ್ಟಿಕೊಳ್ಳುವ ಕೀಲಿಮಣೆಯ ಮಾತನ್ನು ನಾವು ಆಡುತ್ತಿದ್ದೇವೆ. ಎರಡೂ ಹೋಳುಗಳನ್ನು ಭುಜದ ಅಗಲಕ್ಕೆ ಸರಿಸಿ ಇಟ್ಟುಕೊಂಡರೆ ಮುಂಗೈಗಳು ನೇರವಾಗಿರುವವು. ಒಂದೇ ಮಣೆಯ ಮೇಲೆ ಎರಡೂ ಕೈಗಳನ್ನು ನಡುವಿಗೆ ತಂದಾಗ ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುವದು ತಪ್ಪುವದು. ಕೀಲಿಗಳು ಓರೆ ಸಾಲಿನಲ್ಲಿರದೆ ಬೆರಳುಗಳ ಉದ್ದಕ್ಕೆ ತಕ್ಕಂತೆ ಏರಿಳಿಯುವ ನೇರ ಕಂಬಸಾಲಿನಲ್ಲಿರುವವು. ಎಲ್ಲಕ್ಕೂ ಮುಖ್ಯವಾಗಿ, ಪ್ರತಿ ಹೋಳಿನ ಕೆಳಭಾಗದಲ್ಲಿ ಹೆಬ್ಬೆರಳಿಗೆಂದು ಮೂರು ಅಥವಾ ಹೆಚ್ಚು ಕೀಲಿಗಳಿರುವವು. ಸಾಮಾನ್ಯ ಮಣೆಯಲ್ಲಿ ಅತ್ಯಂತ ಬಲಿಷ್ಠವಾದ ಈ ಎರಡು ಬೆರಳುಗಳಿಗೆ ಶಬ್ದಗಳ ನಡುವೆ ತೆರಪು ಬಿಡುವ ಒಂದೇ ಒಂದು ಪಟ್ಟಿಯನ್ನು ಒಪ್ಪಿಸಿ ಕೈಕಟ್ಟಿ ಕೂಡಿಸಿದ್ದಾರೆ. ಶಿಫ್ಟನ್ನು ಕಿರುಬೆರಳಿನಿಂದ ಬಿಡಿಸಿ ಹೆಬ್ಬೆರಳಿಗೆ ಕೊಡಬೇಕೆಂಬದೇ ನಮ್ಮ ವಾದದ ತಿರುಳು. ಇಂಗ್ಲಿಷಿನವನಿಗೆ ಇದು ಸೌಖ್ಯ. ಕನ್ನಡಿಗನಿಗೆ ಇದು ಅವಶ್ಯ.

ಈ ವಿಚಾರವು ಹೊಸದಲ್ಲ. ಇಂಗ್ಲಂಡಿನಲ್ಲಿ ಲಿಲಿಯನ್ ಮಾಲ್ಟ್ ಎಂಬ ಮಹಿಳೆಯೂ ಸ್ಟೀಫನ್ ಹಾಬ್‌ಡೇ ಎಂಬವರೂ 1970ರ ದಶಕದಲ್ಲಿ ರಚಿಸಿದ ಮಾಲ್ಟ್ರಾನ್ ಕೀಲಿಮಣೆಯಲ್ಲಿ, ಇಂಗ್ಲಿಷಿನಲ್ಲಿ ಎಲ್ಲಕ್ಕೂ ಹೆಚ್ಚು ಬಳಕೆಯ 'ಇ' ಅಕ್ಷರವನ್ನೇ ಹೆಬ್ಬೆರಳಿಗೆ ಕೊಟ್ಟಿದ್ದರು. ನಮಗೆ ಇನ್ನೂ ಹತ್ತಿರದ ದೃಷ್ಟಾಂತವು ಜಪಾನಿನದು. ಅಲ್ಲಿಯ ಫುಜಿತ್ಸು ಕಂಪನಿಯವರು 1980ರಲ್ಲಿ ಹೊರತಂದ ಬರೆಹದ ಯಂತ್ರದಲ್ಲಿ ಹೆಬ್ಬೆರಳಿನ ಶಿಫ್ಟನ್ನು ಅಳವಡಿಸಿದರು. ಕಾನಾ ಲಿಪಿಯ ಅಕ್ಷರಗಳು ಹೆಚ್ಚಾದುದರಿಂದ ಒಂದೊಂದು ಕೀಲಿಗೆ ಎರಡೆರಡು ಅಕ್ಷರ ಕೊಟ್ಟು, ಯಾವದು ಬೇಕೆಂಬದನ್ನು ಹೆಬ್ಬೆರಳು ನಿರ್ಣಯಿಸುವಂತೆ ಮಾಡಿದರು. ತಮ್ಮ ಭಾಷೆಯ ಅಗತ್ಯವನ್ನು ಮೊದಲು ನೋಡಿ ಅನಂತರ ಮಣೆಯನ್ನು ಕಟ್ಟಿದ ಜನರು ಅವರು. ಆ ಮಣೆಗೆ ಒಗ್ಗಿದ ಬರೆಹಗಾರರು ನಾಲ್ವತ್ತು ವರುಷ ಅದನ್ನು ಬಿಡಲಿಲ್ಲ. ಆದರೆ 2020ರಲ್ಲಿ ಕಂಪನಿಯವರು ಅದರ ಮಾರಾಟವನ್ನು ನಿಲ್ಲಿಸುವದಾಗಿ ಸಾರಿದರು. ಒಬ್ಬ ತಯಾರಕನನ್ನೇ ನಂಬಿದ ಸುಖಕ್ಕೆ ಇಷ್ಟೇ ಆಯುಷ್ಯ. ಆದದ್ದರಿಂದಲೇ ನಾವು, ಇಂಥ ಮಣೆಯನ್ನು ಸರಕಾರವು ಯಾವದಾದರೂ ಕಂಪನಿಯಿಂದ ಕೊಂಡು ಹಂಚಲೆಂದು ಹೇಳದೆ, ನಮ್ಮ ತರುಣರು ಅದನ್ನು ಕಟ್ಟಲು ಕಲಿಯಲೆಂದು ಹೇಳುತ್ತಿದ್ದೇವೆ.

ಕಟ್ಟುವದು ಗಹನವಾದ ವಿದ್ಯೆಯಲ್ಲ. ಪ್ರತಿ ಕೀಲಿಯ ಕೆಳಗೆ ಒಂದು ಸ್ವಿಚ್ಚು. ಅದರೊಳಗೆ ಒಂದು ಪ್ಲಾಸ್ಟಿಕ್ ದಿಂಡು, ಒಂದು ಸ್ಪ್ರಿಂಗು, ಒಂದಕ್ಕೊಂದು ತಗಲುವ ಲೋಹದ ಪಟ್ಟಿಗಳು. ಜರ್ಮನಿಯ ಚೆರ್ರಿ ಕಂಪನಿಯವರು 1980ರ ದಶಕದಲ್ಲಿ ಹೊರಡಿಸಿದ ಮಾದರಿಯಿದು. ಪೇಟೆಂಟಿನ ಅವಧಿ ತೀರಿದ ಮೇಲೆ ಹಲವರು ಇದನ್ನು ಮಾಡುತ್ತಿರುವದರಿಂದ ಬೆಲೆಯೂ ಇಳಿದಿದೆ. ಕೀಲಿಯು ಒಟ್ಟು 4 ಮಿಲಿಮೀಟರ್ ಇಳಿಯುವದಾದರೂ ಹಗುರಾದ ಬಗೆಯಲ್ಲಿ 2 ಮಿಲಿಮೀಟರ್ ಇಳಿದೊಡನೆ, ಸುಮಾರು 45 ಗ್ರಾಂ ಒತ್ತಿಗೇ, ಅಕ್ಷರವು ಹೊರಡುವದು. ಅಗ್ಗದ ಮಣೆಗಳ ರಬ್ಬರಿನಂತೆ ತಳ ಮುಟ್ಟುವ ತನಕ ಕುಟ್ಟಬೇಕಾಗಿಲ್ಲ. ಜಪಾನಿನ ಒಬ್ಬ ಹವ್ಯಾಸಿಯು ಎಲ್ಲರಿಗೂ ಬಿಟ್ಟುಕೊಟ್ಟಿರುವ 'ಕಾರ್ನ್' ಎಂಬ ನಕ್ಷೆಯಲ್ಲಿ ಹೋಳಿಗೆ ಇಪ್ಪತ್ತೊಂದರಂತೆ 42 ಕೀಲಿಗಳಿವೆ. ಇಪ್ಪತ್ತೊಂದು ಕೀಲಿಗಳಿಗೆ ಇಪ್ಪತ್ತೊಂದು ತಂತಿ ಬೇಕಿಲ್ಲ. ನಾಲ್ಕು ಅಡ್ಡಸಾಲು, ಆರು ಕಂಬಸಾಲು, ಹೀಗೆ ಹತ್ತು ತಂತಿಗಳನ್ನು ಜಾಲವಾಗಿ ಹೆಣೆದರೆ ಯಾವ ಅಡ್ಡಸಾಲು ಯಾವ ಕಂಬಸಾಲಿಗೆ ಕೂಡಿತೆಂಬದನ್ನು ನೋಡಿ ಯಂತ್ರವು ಕೀಲಿಯನ್ನು ಗುರುತಿಸುವದು. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿಯೊಂದು ಸುಳ್ಳಾಗಿ ಮಾತನಾಡದಿರಲೆಂದು ಪ್ರತಿ ಸ್ವಿಚ್ಚಿಗೆ ಒಂದು ಡಯೋಡನ್ನು ಬೆಸೆಯಬೇಕು. ಹೋಳಿಗೊಂದು ಬೆರಳಗಲದ ಮೈಕ್ರೋಕಂಟ್ರೋಲರ್, ಎರಡನ್ನೂ ಜೋಡಿಸಲು ಒಂದು ತಂತಿ. ಟ್ರಾನ್ಸಿಸ್ಟರ್ ರೇಡಿಯೋ ರಿಪೇರಿ ಮಾಡುತ್ತಿದ್ದ ಕೈಗಳಿಗೆ, ಇಂದು ಮೊಬೈಲು ರಿಪೇರಿ ಮಾಡುವ ಅಂಗಡಿಯ ಹುಡುಗನ ಕೈಗೆ, ಇದು ಮಕ್ಕಳಾಟ. ಡಯೋಡನ್ನು ತಿರುಗುಮುರುಗಾಗಿ ಬೆಸೆಯದಿದ್ದರೆ ಆಯಿತು.

ಮಣೆಯೊಳಗಿನ ಬುದ್ಧಿಯೂ ಬಿಟ್ಟಿಯಾಗಿ ದೊರೆಯುವದು. ಕ್ಯೂ.ಎಂ.ಕೆ. ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಒಂದು ಹೆಬ್ಬೆರಳ ಕೀಲಿಯನ್ನು ತಟ್ಟಿದರೆ ತೆರಪು, ಹಿಡಿದರೆ ಶಿಫ್ಟ್ ಎಂದು ಅದಕ್ಕೆ ಕಲಿಸಬಹುದು. ಹಿಡಿಯುವ ಶ್ರಮವೂ ಬೇಡವೆಂದರೆ, ಒಮ್ಮೆ ತಟ್ಟಿದ ಶಿಫ್ಟು ಮುಂದಿನ ಒಂದೇ ಅಕ್ಷರಕ್ಕೆ ಅನ್ವಯಿಸಿ ತಾನೇ ಕಳಚಿಕೊಳ್ಳುವಂತೆಯೂ ಮಾಡಬಹುದು. ಮುಂದೆ ಹೋಗಿ, ಕನ್ನಡದ ಜೀವವಾದ ಸಜಾತೀಯ ಒತ್ತಕ್ಷರಗಳಿಗಾಗಿ, ಅಂದರೆ ಕ್ಕ, ನ್ನ, ಲ್ಲ, ತ್ತಗಳಿಗಾಗಿ, ಒಂದು ಕೀಲಿಯನ್ನೇ ಮೀಸಲಿಡಬಹುದು: ಅದನ್ನು ಒತ್ತಿದರೆ ಎಫ್ ಮತ್ತು ಹಿಂದಿನ ಅಕ್ಷರ ಎರಡೂ ತಾವೇ ಹೋಗುವವು. ಆಗ ಕಕ್ಕೇರಾಕ್ಕೆ ಏಳರ ಬದಲು ಆರೇ ಕೀಲಿ. ಶಿಫ್ಟ್ ಎರಡೂ ಹೆಬ್ಬೆರಳಿನವು. ಇಲ್ಲಿ ಅಧಿಕಾರಿಗಳು ಗಮನಿಸತಕ್ಕ ವಿಷಯವೊಂದಿದೆ. ಮಣೆಯು ಗಣಕಕ್ಕೆ ಕಳುಹಿಸುವದು ಅಕ್ಷರವನ್ನಲ್ಲ, ಕೀಲಿಯ ಸಂಖ್ಯೆಯನ್ನು ಮಾತ್ರ. ಅಕ್ಷರವನ್ನು ರಚಿಸುವದು 'ನುಡಿ'. ಆದದ್ದರಿಂದ ಕಚೇರಿಯ ಗಣಕದಲ್ಲಿ ಒಂದು ಕಡ್ಡಿಯನ್ನೂ ಕದಲಿಸಬೇಕಾಗಿಲ್ಲ. ರಾಯರ ವಿನ್ಯಾಸವು ಇಪ್ಪತ್ತಾರೇ ಕೀಲಿಗಳಲ್ಲಿ ಮುಗಿಯುವದರಿಂದ ಚಿಕ್ಕ ಮಣೆಯಲ್ಲಿಯೂ ಹಿಡಿಸುವದು. ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಕಲಿತವರಿಗೆ ಮಾತ್ರ ಅಂಕಿಯ ಸಾಲೂ ಪಕ್ಕದ ಕೀಲಿಗಳೂ ಬೇಕಾಗುವದರಿಂದ 76 ಕೀಲಿಗಳ ಎರ್ಗೋಡಾಕ್ಸ್‌ನಂತಹ ದೊಡ್ಡ ಮಣೆ ಬೇಕು. ಆ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ ಬಂದಿರುವದರಿಂದ ಮಣೆಯನ್ನು ಎರಡಾಗಿ ಸೀಳುವ ಯೋಚನೆಯು ಅದರಲ್ಲಿ ಮೊದಲೇ ಅಡಗಿತ್ತೋ ಎಂಬಂತಿದೆ.

ಸ್ವಿಚ್ಚೂ ಚಿಪ್ಪೂ ಚೀನದಿಂದ ಬರುವಾಗ ಇದೆಂತಹ ಸ್ವದೇಶಿ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದದ್ದೇ. ನಮ್ಮ ಉತ್ತರವಿಷ್ಟು: ನೂಲುವವನಿಗೆ ರಾಟಿಯ ಕಬ್ಬಿಣದ ಕದಿರು ಎಲ್ಲಿಯದೆಂಬದಕ್ಕಿಂತ ನೂಲುವ ವಿದ್ಯೆಯು ಯಾರ ಕೈಯಲ್ಲಿದೆ ಎಂಬದು ಮುಖ್ಯ. ಕೆಟ್ಟ ಸ್ವಿಚ್ಚನ್ನು ಕಿತ್ತು ಬೇರೆಯದನ್ನು ಬೆಸೆಯಬಲ್ಲವನು, ಕೀಲಿಯ ಸ್ಥಾನವನ್ನು ತನ್ನ ಭಾಷೆಗೆ ತಕ್ಕಂತೆ ಬದಲಿಸಬಲ್ಲವನು, ಯಾವ ಕಂಪನಿಯ ಆಳೂ ಅಲ್ಲ. ವಿದೇಶದಿಂದ ಸಿದ್ಧವಾಗಿ ಬರುವ ಸೀಳುಮಣೆಗಳಲ್ಲಿ ಹೆಸರಾದವುಗಳ ಬೆಲೆಯು ಗುತ್ತಿಗೆಯ ಡಾಟಾ ಎಂಟ್ರಿ ನೌಕರನ ಒಂದು ತಿಂಗಳ ಸಂಬಳವನ್ನು ಮೀರುವದು. ಕೈಯಿಂದ ಕಟ್ಟಿದ್ದು ಕೆಲವೇ ಸಾವಿರದಲ್ಲಿ ಆಗುವದು. ಇದರಿಂದ ಮಣಿಕಟ್ಟಿನ ನೋವೆಲ್ಲ ಮಾಯವಾಗುವದೆಂದು ನಾವು ಹೇಳುವದಿಲ್ಲ. ಹಾಗೆ ಹೇಳುವವರನ್ನು ನಂಬಲೂಬಾರದು. ಮಣಿಕಟ್ಟಿನ ಸೊಟ್ಟು ಕಡಿಮೆಯಾಗುವದೆಂಬಷ್ಟೇ ನಿಶ್ಚಿತ. ಮೊದಲ ಕೆಲವು ವಾರ ವೇಗವು ಕುಗ್ಗುವದೂ ಅಷ್ಟೇ ನಿಶ್ಚಿತ. ಬಾಯಿಂದ ಹೇಳಿದ್ದನ್ನು ಬರೆದುಕೊಳ್ಳುವ ಯಂತ್ರ ಬಂದಿರುವಾಗ ಮಣೆಯೇ ಏಕೆಂದು ಇನ್ನು ಕೆಲವರು ಕೇಳುವರು. ಒಂದೇ ಕೋಣೆಯಲ್ಲಿ ಐದು ಜನ ಕುಳಿತು ಐದು ಅರ್ಜಿಗಳನ್ನು ಗಟ್ಟಿಯಾಗಿ ಹೇಳುತ್ತಿರುವ ನಾಡಕಚೇರಿಯನ್ನು ಅವರು ಒಮ್ಮೆ ಊಹಿಸಿಕೊಳ್ಳಲಿ.

ಈ ಮಾತನ್ನು ನಾವು ಬೆಂಗಳೂರನ್ನು ಬಿಟ್ಟು ಕಕ್ಕೇರಾದ ನೆಪದಿಂದ ಎತ್ತಿರುವದಕ್ಕೆ ಕಾರಣವಿದೆ. ಈ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. 1884ರಲ್ಲಿ ಪಾರಸಿಯನ್ನು ಬಿಟ್ಟು ಉರ್ದುವನ್ನು ಆಡಳಿತಭಾಷೆಯನ್ನಾಗಿ ಮಾಡಿದರು. ಉಳುವವನ ಭಾಷೆಯು ಎರಡು ಕಾಲದಲ್ಲಿಯೂ ಕಚೇರಿಯ ಹೊರಗೆಯೇ ನಿಂತಿತು. ಉರ್ದುವಿನ ಮೇಲೆ ನಮಗೆ ದ್ವೇಷವಿಲ್ಲ. ಅದು ಈ ನೆಲದ ಹಲವರ ಮನೆಮಾತು. ಆದರೆ ತನ್ನ ಹೊಲದ ಕಾಗದವನ್ನು ತಾನು ಓದಲಾರದೆ ರೈತನು ಹೆಬ್ಬೆಟ್ಟು ಒತ್ತುತ್ತಿದ್ದ ಕಾಲವನ್ನು ಕಂಡ ಹಿರಿಯರ ಮಾತನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. 1948ರಲ್ಲಿ ಬಿಡುಗಡೆಯಾಯಿತು, 1956ರಲ್ಲಿ ಕರ್ನಾಟಕವು ಒಂದಾಯಿತು, 2000ದ ಸುಮಾರಿಗೆ ಪಹಣಿಯು ಗಣಕಕ್ಕೆ ಏರಿ ಕನ್ನಡದಲ್ಲಿ ಅಚ್ಚಾಗಿ ಬರತೊಡಗಿತು. ಅದನ್ನು ಒಂದೊಂದಕ್ಷರವಾಗಿ ಒಳಗೆ ತುಂಬಿದ ಬೆರಳುಗಳ ವಿಚಾರವನ್ನು ಮಾತ್ರ ಯಾರೂ ಮಾಡಿದಂತಿಲ್ಲ. ಹೆಸರಿನ ಒಂದು ದೀರ್ಘವು ತಪ್ಪಿದರೆ ತಿದ್ದುಪಡಿಗಾಗಿ ರೈತನು ತಾಲೂಕು ಕಚೇರಿಗೆ ಅಲೆಯಬೇಕಾಗುವದು. ದಣಿದ ಕಿರುಬೆರಳು ಮೊದಲು ಬಿಡುವದು ಆ ದೀರ್ಘವನ್ನೇ.

2012ರ ಸಂವಿಧಾನ ತಿದ್ದುಪಡಿಯಿಂದ 371ನೆಯ ವಿಧಿಗೆ 'ಜೆ' ಕಲಮು ಸೇರಿ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಹಣವೂ ದೊರೆತಿವೆ. ರಸ್ತೆ ಕಟ್ಟಡಗಳಿಗೆ ಹೋಗುವ ಹಣದ ಒಂದು ಚೂರನ್ನು ಯಾದಗಿರಿ ಜಿಲ್ಲೆಯ ಒಂದು ಕೈಗಾರಿಕಾ ತರಬೇತಿ ಶಾಲೆಗೆ ಕೊಟ್ಟು ವಿದ್ಯಾರ್ಥಿಗಳಿಂದ ಇಪ್ಪತ್ತು ಮಣೆಗಳನ್ನು ಕಟ್ಟಿಸಲಿ. ಬೆಸುಗೆಯನ್ನು ಹೇಗೂ ಅಲ್ಲಿ ಕಲಿಸುತ್ತಾರೆ. ಅಭ್ಯಾಸಕ್ಕೆಂದು ಬೆಸೆದು ಬಿಸಾಡುವ ಬದಲು ಒಂದು ಪ್ರಯೋಜನದ ವಸ್ತು ಆಗಲಿ. ಅವನ್ನು ಕಕ್ಕೇರಾ, ಶಹಾಪುರ, ಸುರಪುರಗಳ ಕಚೇರಿಗಳಲ್ಲಿ ಒಪ್ಪಿದ ಬೆರಳಚ್ಚುಗಾರರಿಗೆ ಮಾತ್ರ, ಬಲಾತ್ಕಾರವಿಲ್ಲದೆ, ಕೊಡಲಿ. ಗಣಕದ ಬೆರಳಚ್ಚು ಪರೀಕ್ಷೆಗೆ ಅಭ್ಯರ್ಥಿಯು ತನ್ನ ಮಣೆಯನ್ನು ತಪಾಸಣೆಗೆ ಒಪ್ಪಿಸಿ ಬಳಸಬಹುದೆಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯಲಿ. ಆರು ತಿಂಗಳ ಬಳಿಕ ಆ ಇಪ್ಪತ್ತು ಜನರ ವೇಗ, ತಪ್ಪುಗಳು, ಕೈನೋವು ಇವುಗಳ ಲೆಕ್ಕವನ್ನು ಹಳೆಯ ಮಣೆಯವರ ಲೆಕ್ಕದೊಂದಿಗೆ ಇಟ್ಟು, ಫಲವು ಹೇಗೇ ಇರಲಿ, ಪ್ರಕಟಿಸಲಿ.