ಮುಗಿಸಬೇಕೆ, ಮಡಚಿಡಬೇಕೆ?

ಯಾದಗಿರಿ, ಶಹಾಪುರ, ಸುರಪುರದ ಓದುಗರಿಗೆ ದೇವನೂರ ಮಹಾದೇವರ ‘ಕುಸುಮಬಾಲೆ’ ಎರಡು ಬಗೆಯಲ್ಲಿ ಕಷ್ಟ. ಅದರದು ನಂಜನಗೂಡು ಸೀಮೆಯ ಆಡುಮಾತು. ನಮ್ಮ ಭಾಗದ ಕಿವಿಗೆ ದೂರದ್ದು. ಕಥೆಯೂ ನೆಟ್ಟಗೆ ಸಾಗುವುದಿಲ್ಲ. ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಕೂಡಿ ಮಾತಾಡುತ್ತವೆ, ಮಂಚಕ್ಕೂ ಬಾಯಿ ಬರುತ್ತದೆ, ದಲಿತ ಹುಡುಗ ಚೆನ್ನನ ಕೊಲೆಯ ಸಂಗತಿ ಚೂರುಚೂರಾಗಿ ಸಿಗುತ್ತದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಟ್ಟ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟವರೂ ಇದ್ದಾರೆ.

ಬಿಟ್ಟವರದು ತಪ್ಪೆನ್ನಲಾಗದು. ದಿನವಿಡೀ ದುಡಿದು ರಾತ್ರಿ ಪುಸ್ತಕ ಹಿಡಿದವರಿಗೆ ಪ್ರಶಸ್ತಿಯ ಹೆಸರು ಹೇಳಿ ದುಂಬಾಲು ಬೀಳುವುದು ನ್ಯಾಯವಲ್ಲ. ಆಳವಾದದ್ದೆಲ್ಲ ಜಟಿಲವಾಗಿಯೇ ಇರಬೇಕೆಂದೂ ಇಲ್ಲ. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೂ 2004ರಲ್ಲಿ ಅದೇ ಪ್ರಶಸ್ತಿ ಬಂತು. ಕಲಬುರಗಿ ಕಡೆಯ ಮಾತಿನಲ್ಲಿ, ಬಡವರ ಬವಣೆಯನ್ನು ಅದು ಯಾವ ಸುತ್ತುಬಳಸೂ ಇಲ್ಲದೆ ಹೇಳುತ್ತದೆ.

ಆದರೆ ಆ ‘ಬದುಕು’ ಮೈಸೂರಿನ ಓದುಗರಿಗೆ ತೊಡಕೇ. ನಮ್ಮ ಮಾತು ಅವರು ಕಷ್ಟಪಟ್ಟು ಕೇಳಲಿ ಎನ್ನುವ ನಾವು, ಅವರ ಮಾತಿಗೆ ಅಷ್ಟೇ ಕಿವಿ ಕೊಡಬೇಡವೇ? ‘ಕುಸುಮಬಾಲೆ’ಯ ಒಡೆದ ರೂಪಕ್ಕೂ ಕಾರಣವಿದೆ. ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಹುಡುಗನ ಕೊಲೆಯಾದಾಗ ಊರು ಬಾಯಿ ಬಿಡುವುದಿಲ್ಲ. ಮನುಷ್ಯರು ನುಂಗಿದ್ದನ್ನು ದೀಪ, ಮಂಚಗಳೇ ಆಡಬೇಕಾಗುತ್ತದೆ. ನೇರವಾಗಿ ಹೇಳಿದ್ದರೆ ಈ ಮುಚ್ಚುಮರೆ ನಮಗೆ ತಟ್ಟುತ್ತಿರಲಿಲ್ಲ.

ಒಗಟಿನ ಮಾತು ಈ ನೆಲಕ್ಕೆ ಹೊಸದೂ ಅಲ್ಲ. ಕೊಡೇಕಲ್ ಬಸವಣ್ಣನ ಕಾಲಜ್ಞಾನ, ತಿಂಥಣಿ ಮೌನೇಶ್ವರರ ವಚನಗಳು ಪೂರ್ತಿ ಬಿಡಿಸದೆಯೇ ಜನರ ನಡುವೆ ಉಳಿದಿವೆ. ಇಲ್ಲೊಂದು ಫರಕು ಉಂಟು: ಅವು ಹಾಡಾಗಿ, ಮಾತಾಗಿ ನಾಲ್ಕು ಮಂದಿಯ ನಡುವೆ ಬರುತ್ತವೆ, ಗೊತ್ತಾಗದಿದ್ದರೆ ಕೇಳಲು ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಕಾದಂಬರಿ ಒಬ್ಬಂಟಿ ಕೈಗೆ ಬರುತ್ತದೆ. ವಿದ್ವಾಂಸ ಎಲ್. ಬಸವರಾಜು ‘ಕುಸುಮಬಾಲೆ’ಯ ಗದ್ಯವನ್ನು ಕಾವ್ಯದ ಸಾಲುಗಳಾಗಿ ಒಡೆದು ಕೊಟ್ಟರು, ಮೈಸೂರಿನ ರಂಗಾಯಣ ಅದನ್ನು ರಂಗಕ್ಕೆ ತಂದಿತು. ಕೃತಿಗೆ ಊರುಗೋಲು ಬೇಕೆನ್ನುವವರಿಗೂ ಇದು ಸಾಕ್ಷಿ, ಕಿವಿಗೆ ಬಿದ್ದರೆ ತೆರೆದುಕೊಳ್ಳುತ್ತದೆ ಎನ್ನುವವರಿಗೂ ಸಾಕ್ಷಿ.

ಆದ್ದರಿಂದ ತೊಡಕು ಎಲ್ಲಿಯದೆಂದು ಮೊದಲು ನೋಡಿಕೊಳ್ಳಬೇಕು. ಕಿವಿಗೆ ರೂಢಿಯಿಲ್ಲದ್ದಾದರೆ ಗೆಳೆಯರೊಂದಿಗೆ ಕೂತು ಗಟ್ಟಿಯಾಗಿ ಓದಿದರೆ ಸಡಿಲುತ್ತದೆ. ಅಲ್ಲಿ ತಾಳ್ಮೆಗೆ ಬೆಲೆಯಿದೆ. ಓದುತ್ತ ಹೋದಂತೆ ಜಾಣತನದ ಪ್ರದರ್ಶನವೇ ಕಂಡರೆ, ಎಷ್ಟೇ ಹೆಸರಾದ ಪುಸ್ತಕವಿರಲಿ, ಮಡಚಿಡಿ. ‘ಕುಸುಮಬಾಲೆ’ ಮೊದಲನೆಯ ಬಗೆಯದು. ಅರ್ಧಕ್ಕೆ ಬಿಟ್ಟವರು ಮತ್ತೊಮ್ಮೆ, ಈ ಸಲ ದನಿ ಎತ್ತಿ ಓದಲಿ.