ಫಲಪುಷ್ಪ ಪ್ರದರ್ಶನಕ್ಕೆ ಹೊರಡುವ ಮುನ್ನ

ನಮ್ಮ ದೇಶದ ಸ್ವಾತಂತ್ರ್ಯ ದಿನವೂ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವವೂ ಒಂದೇ ದಿನ ಬರುತ್ತವೆ. ಆಗಸ್ಟ್ 15ರಂದು ಬೆಳಗಿನ ಬಲಿಪೂಜೆ ಮುಗಿದೊಡನೆ ನಮ್ಮ ಹೊಸೂರು ಸೀಮೆಯ ಅನೇಕ ಕುಟುಂಬಗಳು ವ್ಯಾನು ಹತ್ತಿ ಬೆಂಗಳೂರಿನ ಲಾಲ್‌ಬಾಗಿಗೆ ಹೊರಡುವುದುಂಟು. ಹೋಗಬಾರದೆಂದು ನಾವು ಹೇಳುವವರಲ್ಲ. ಹೊಲದ ಹೂಗಳನ್ನು ಗಮನವಿಟ್ಟು ನೋಡಲು ಯೇಸುಸ್ವಾಮಿಯೇ ತಮ್ಮ ಶಿಷ್ಯರಿಗೆ ಹೇಳಿದ್ದಾರೆ. ಆದರೆ ಹೂ ಕೊಳ್ಳುವ ಪಟ್ಟಣಿಗರು ಹೋಗುವಂತೆಯೇ ಹೂ ಬೆಳೆಯುವ ನಾವೂ ಹೋಗಿ ಬರಬೇಕೆ? ನೂಕುನುಗ್ಗಲಿನಲ್ಲಿ ನಿಂತು, ಜನರ ಬೆನ್ನನ್ನು ನೋಡಿ, ತಲೆನೋವು ಹೊತ್ತು ಹಿಂದಿರುಗುವುದಾದರೆ ಒಂದು ದಿನದ ಕೂಲಿಯೂ ವ್ಯಾನಿನ ಬಾಡಿಗೆಯೂ ದಂಡವಲ್ಲವೆ? ರೈತ ಕುಟುಂಬದವರು ಪ್ರದರ್ಶನಕ್ಕೆ ಜಾತ್ರೆಗೆ ಹೋದಂತೆ ಹೋಗದೆ ಪಾಠಶಾಲೆಗೆ ಹೋದಂತೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ.

ಲಾಲ್‌ಬಾಗು ಹುಟ್ಟಿದ್ದೇ ಬೆಳೆಸುವವರ ತೋಟವಾಗಿ. ಹೈದರಾಲಿ 1760ರಲ್ಲಿ ಇದನ್ನು ಆರಂಭಿಸಿದನು. ಮಗ ಟಿಪ್ಪು ದೂರದೇಶಗಳಿಂದ ಗಿಡ, ಬೀಜ ತರಿಸಿ ವಿಸ್ತರಿಸಿದನು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ಕ್ರುಂಬಿಗಲ್ ಅವರು ಇದರ ಮೇಲ್ವಿಚಾರಕರಾಗಿದ್ದರು. ಈಗ ಕರ್ನಾಟಕದ ತೋಟಗಾರಿಕೆ ಇಲಾಖೆಯೂ ಮೈಸೂರು ಉದ್ಯಾನಕಲಾ ಸಂಘವೂ ಸೇರಿ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ, ಹೀಗೆ ವರ್ಷಕ್ಕೆ ಎರಡು ಪ್ರದರ್ಶನ ನಡೆಸುತ್ತವೆ. ಗಾಜಿನ ಮನೆಯ ನಡುವೆ ಹೂವಿನಿಂದ ಕಟ್ಟಿದ ದೊಡ್ಡ ಮಾದರಿಯೊಂದು ಇರುತ್ತದೆ. 2023ರ ಆಗಸ್ಟಿನಲ್ಲಿ ವಿಧಾನಸೌಧದ ಮಾದರಿ ಇತ್ತು. ಜನ ಮುಗಿಬೀಳುವುದು ಅದಕ್ಕೇ. ಆದರೆ ತೋಟ ಇರುವುದು 240 ಎಕರೆ. ನಮಗೆ ಬೇಕಾದ ಪಾಠ ಗಾಜಿನ ಮನೆಯ ಹೊರಗೇ ಹೆಚ್ಚು.

ಯಾವ ದಿನ ಹೋಗಬೇಕು?

ಆಗಸ್ಟ್ 15, ಜನವರಿ 26, ಹಾಗೂ ಪ್ರದರ್ಶನದ ನಡುವಿನ ಶನಿವಾರ, ಭಾನುವಾರಗಳನ್ನು ಬಿಟ್ಟುಬಿಡಿ. ಆ ದಿನಗಳಲ್ಲಿ ಜನಸಂದಣಿಯೂ ಹೆಚ್ಚು, ಪ್ರವೇಶ ದರವೂ ಹೆಚ್ಚು. ವಾರದ ನಡುವಿನ ಒಂದು ದಿನ ಬೆಳಿಗ್ಗೆ ಬೇಗನೆ ಒಳಗೆ ಹೋದವರಿಗೆ ಗಿಡದ ಮುಂದೆ ನಿಲ್ಲಲು ಜಾಗವಿರುತ್ತದೆ. ಮಾಲಿಗಳಿಗೂ ಉತ್ತರ ಹೇಳಲು ಪುರುಸೊತ್ತು ಇರುತ್ತದೆ. ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹೂವಿನ ಬೆಲೆ ಏರುತ್ತದೆ. ಆ ವಾರ ತೋಟ ಬಿಟ್ಟು ಹೋಗುವುದು ಜಾಣತನವಲ್ಲ. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಜನವರಿಯದನ್ನು ಆರಿಸಿ ಎನ್ನುತ್ತೇವೆ. ಮಳೆಯ ಕಾಟ ಕಡಿಮೆ, ಚಳಿಗಾಲದ ಹೂಗಳು ಹದವಾಗಿ ಅರಳಿರುತ್ತವೆ.

ದಾರಿಯೂ ಈಗ ಸುಲಭವಾಗಿದೆ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಯವರೆಗೆ ಮೆಟ್ರೋ ಹಳದಿ ಮಾರ್ಗ ತೆರೆಯಿತು. ಅತ್ತಿಬೆಲೆ ದಾಟಿ ಬೊಮ್ಮಸಂದ್ರದವರೆಗೆ ಬಸ್ಸಿನಲ್ಲಿ ಹೋಗಿ, ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮೂರನೆಯ ನಿಲ್ದಾಣವೇ ಲಾಲ್‌ಬಾಗ್. ಪಶ್ಚಿಮ ದ್ವಾರ ಹತ್ತಿರದಲ್ಲೇ ಇದೆ. ವ್ಯಾನು ನಿಲ್ಲಿಸಲು ಜಾಗ ಹುಡುಕಿ ಅಲೆಯುವ ಪಾಡು ತಪ್ಪುತ್ತದೆ.

ಮೈಯ ಕಡೆ ಗಮನ

ಜಾಗ ದೊಡ್ಡದು, ನಡಿಗೆ ಬಹಳ. ಮಂಡಿನೋವಿನ ಹಿರಿಯರಿಗೆ ಮೊದಲೇ ತಿಳಿಸಿ, ನಡುನಡುವೆ ಕುಳಿತು ಸಾಗಿರಿ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ತಪ್ಪಿಸಬಾರದು. ಮಾತ್ರೆಯನ್ನು ವ್ಯಾನಿನಲ್ಲಿ ಬಿಡದೆ ಮಡಿಲಲ್ಲೇ ಇಟ್ಟುಕೊಳ್ಳಿ. ಶೌಚಾಲಯದ ಭಯಕ್ಕೆ ಅನೇಕ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯುವುದೇ ಇಲ್ಲ. ಅದು ತಲೆಸುತ್ತಿಗೂ ಉರಿಮೂತ್ರಕ್ಕೂ ದಾರಿ. ಒಳಗೆ ಹೋದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ, ನೀರು ಕುಡಿಯಿರಿ. ಉಬ್ಬಸವಿರುವವರು ಗಾಜಿನ ಮನೆಯ ಇಕ್ಕಟ್ಟಿಗೆ ಸಿಕ್ಕಿಕೊಳ್ಳದಿರುವುದು ಲೇಸು. ಔಷಧ ಸೇದುವ ಇನ್‌ಹೇಲರ್ ಕೈಯಲ್ಲಿರಲಿ.

ಮಕ್ಕಳ ಜೇಬಿನಲ್ಲಿ ಮನೆಯವರ ಫೋನ್ ನಂಬರು ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ನಿಶ್ಚಯಿಸಿ. ಕೆಂಪೇಗೌಡರ ಗೋಪುರವಿರುವ ಬಂಡೆ ಎಲ್ಲರಿಗೂ ಗುರುತು ಸಿಗುವ ಜಾಗ. ಜನಸಂದಣಿಯಲ್ಲಿ ಮೊಬೈಲನ್ನೇ ನಂಬಬೇಡಿ. ಚಿನ್ನದ ಸರ ಮನೆಯಲ್ಲೇ ಇರಲಿ. ದೊಡ್ಡ ಮರಗಳಲ್ಲಿ ಹೆಜ್ಜೇನು ಕಂಡರೆ ಹುಡುಗರು ಕಲ್ಲು ಬೀಸದಂತೆ ನೋಡಿಕೊಳ್ಳಿ.

ನೋಡಬೇಕಾದ್ದು, ಕೇಳಬೇಕಾದ್ದು

ಒಂದು ಚಿಕ್ಕ ನೋಟುಪುಸ್ತಕ ಜೊತೆಗಿರಲಿ. ಹೂ ನೋಡಿದಾಗ ‘ಎಷ್ಟು ಚೆನ್ನ’ ಎನ್ನುವುದರ ಜೊತೆಗೆ ‘ಇದು ಈಗ ಹೇಗೆ ಅರಳಿತು’ ಎಂದೂ ಕೇಳಿರಿ. ಸೇವಂತಿಗೆಯನ್ನೇ ತೆಗೆದುಕೊಳ್ಳೋಣ. ಅದರ ಅನೇಕ ತಳಿಗಳು ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಹಿಡಿಯುತ್ತವೆ. ಆಗಸ್ಟಿನಲ್ಲಿ ಹಗಲೇ ಉದ್ದ. ಆಗ ಕುಂಡದ ತುಂಬ ಅರಳಿಸಬೇಕಾದರೆ ವಾರಗಟ್ಟಲೆ ಸಂಜೆಯೇ ಕಪ್ಪು ಹೊದಿಕೆ ಹೊದಿಸಿ ರಾತ್ರಿಯನ್ನು ಉದ್ದ ಮಾಡಬೇಕು. ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಸುವುದೂ ಇದೇ ಗುಟ್ಟಿನ ಇನ್ನೊಂದು ಮುಖ; ಅಲ್ಲಿ ಬೆಳಕು ತೋರಿಸಿ ಮೊಗ್ಗನ್ನು ತಡೆದು ಗಿಡವನ್ನು ಬೆಳೆಸುತ್ತಾರೆ. ಇದನ್ನು ತಿಳಿದವರು ಪ್ರದರ್ಶನದ ಕುಂಡ ನೋಡಿ ಮರುಳಾಗುವುದಿಲ್ಲ, ಕಲಿಯುತ್ತಾರೆ.

ಫಲಪುಷ್ಪ ಪ್ರದರ್ಶನ ಕೃಷಿಮೇಳವಲ್ಲ ಎಂಬುದೂ ನೆನಪಿರಲಿ. ಹೊಸ ತಳಿ, ರೋಗ, ಗೊಬ್ಬರದ ಲೆಕ್ಕ ಬೇಕಾದವರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಹೋಗುವುದು ಹೆಚ್ಚು ಪ್ರಯೋಜನಕರ. ಸುಗಂಧರಾಜದಲ್ಲಿ ಶೃಂಗಾರ್, ಪ್ರಜ್ವಲ್‌ನಂಥ ತಳಿಗಳು ಬಂದದ್ದು ಅಲ್ಲಿಂದಲೇ. ಬೆಂಗಳೂರಿನ ಜಿ.ಕೆ.ವಿ.ಕೆ.ಯ ಕೃಷಿಮೇಳವೂ ಇದೆ.

ಗಿಡ ಕೊಳ್ಳುವಾಗ

ಮಳಿಗೆಗಳಲ್ಲಿ ಹೂ ತುಂಬಿದ ಗಿಡವೇ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಕೊಳ್ಳಬೇಕಾದ್ದು ಬೇರನ್ನು, ಹೂವನ್ನಲ್ಲ. ಎಲೆಯ ಅಡಿಯಲ್ಲಿ ಬಿಳಿನೊಣ, ಕಾಂಡದ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಇದೆಯೇ ನೋಡಿ. ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಜಂತುಹುಳುವಿನ ಗುರುತು. ಅಂಥ ಗಿಡ ಬಿಟ್ಟಿ ಕೊಟ್ಟರೂ ಬೇಡ, ಇಡೀ ಹೊಲಕ್ಕೆ ಅಂಟೀತು. ಗುಲಾಬಿಯಲ್ಲಿ ಕಣ್ಣು ಕೂಡಿಸಿದ ಜಾಗ ಭದ್ರವಾಗಿರಬೇಕು. ಅದರ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಕಾಡುಗುಲಾಬಿಯ ಚಿಗುರು, ಬಿಟ್ಟರೆ ಕಸಿಯನ್ನೇ ನುಂಗುತ್ತದೆ. ಮನೆಗೆ ತಂದ ಗಿಡವನ್ನು ಎರಡು ಮೂರು ವಾರ ತೋಟದಿಂದ ದೂರವಿಟ್ಟು, ಹುಳು ರೋಗ ಇಲ್ಲವೆಂದು ಖಚಿತವಾದ ಮೇಲೆ ನೆಡಿರಿ.

ಕಲೆಯಿಲ್ಲದ ಹೂವಿನ ಬೆಲೆ

ಈಗ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತು. ಪ್ರದರ್ಶನದ ಹೂವಿನಲ್ಲಿ ಒಂದು ಚುಕ್ಕೆಯೂ ಇರುವುದಿಲ್ಲ. ಅದನ್ನು ನೋಡಿ ಬಂದವರಿಗೆ ನಮ್ಮ ತೋಟದ ಹೂವೂ ಹಾಗೇ ಇರಬೇಕೆಂಬ ಆಸೆ ಹುಟ್ಟುತ್ತದೆ. ಮಾರುಕಟ್ಟೆಯೂ ಅದನ್ನೇ ಕೇಳುತ್ತದೆ. ಹುಳು ಕಾಣುವ ಮುಂಚೆಯೇ ಔಷಧ ಹೊಡೆಯುವ ಅಭ್ಯಾಸ ಬೆಳೆಯುವುದು ಹೀಗೆ. ಔಷಧ ಎನ್ನುತ್ತೇವೆ, ಅದು ವಿಷ. ಡಬ್ಬಿಯ ಮೇಲಿನ ತ್ರಿಕೋನ ನೋಡಿರಿ: ಕೆಂಪು ಅತ್ಯಂತ ಘೋರ, ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಸಂಜೆ ಸಿಂಪಡಿಸಿದ ಗಿಡದಿಂದ ನಸುಕಿನಲ್ಲಿ ಬರಿಗೈಯಲ್ಲಿ ಹೂ ಬಿಡಿಸುವವರು ಯಾರು? ಅದೇ ಕೈಯಲ್ಲಿ ಹೂ ಕಟ್ಟುತ್ತ, ದಾರವನ್ನು ಹಲ್ಲಿನಿಂದ ಕಡಿಯುವವರು ಯಾರು? ನಮ್ಮ ತಾಯಂದಿರು, ಸೊಸೆಯಂದಿರು, ಕೆಲವೆಡೆ ಬಸುರಿ ಹೆಣ್ಣುಮಕ್ಕಳು. ತಲೆನೋವು, ಕಣ್ಣುರಿ, ಚರ್ಮದ ತುರಿಕೆ ಎಂದು ಅವರು ಹೇಳಿದರೆ ‘ಬಿಸಿಲಿಗೆ’ ಎಂದು ತಳ್ಳಿಹಾಕುತ್ತೇವೆ.

ಸಿಂಪಡಿಸಿದ ಮೇಲೆ ಎಷ್ಟು ಕಾಲ ತೋಟಕ್ಕೆ ಹೋಗಬಾರದೆಂದು ಡಬ್ಬಿಯ ಜೊತೆಗಿನ ಕಾಗದದಲ್ಲಿ ನೋಡಿ, ಅದನ್ನು ಪಾಲಿಸಿ. ಕೈಚೀಲ ಹಾಕದೆ, ಸೋಪಿನಿಂದ ಕೈ ತೊಳೆಯದೆ ತುತ್ತು ಎತ್ತಬಾರದು. ಖಾಲಿ ಡಬ್ಬಿಯಲ್ಲಿ ನೀರು ತುಂಬಬಾರದು. ಪ್ರದರ್ಶನದಲ್ಲೂ ಮಕ್ಕಳು ಎಸಳು ಕಿತ್ತು ಬಾಯಿಗೆ ಹಾಕದಂತೆ ನೋಡಿಕೊಳ್ಳಿ; ಅವು ತಿನ್ನಲು ಬೆಳೆದ ಹೂಗಳಲ್ಲ. ದೇವಾಲಯದ ಪೀಠಕ್ಕೆ ಚುಕ್ಕೆ ಬಿದ್ದ ಗುಲಾಬಿ ತಂದರೂ ನಾವು ಸಂತೋಷದಿಂದ ಸ್ವೀಕರಿಸುತ್ತೇವೆ. ದೇವರು ಹೂವಿನ ಚುಕ್ಕೆ ಎಣಿಸುವವರಲ್ಲ.

ಯಾರು ಹೋಗಬೇಕು?

ವ್ಯಾನು ಹೊರಟಾಗ ಅದರಲ್ಲಿ ಕೂರುವವರು ಸಾಮಾನ್ಯವಾಗಿ ಗಂಡಸರು, ಯುವಕರು, ಶಾಲೆಯ ಮಕ್ಕಳು. ಹೂ ಬಿಡಿಸುವ ಹೆಂಗಸು ಮನೆಯಲ್ಲಿ ಉಳಿಯುತ್ತಾಳೆ. ಹಾಲು ಕರೆಯಬೇಕು, ಬುಟ್ಟಿ ಮಾರುಕಟ್ಟೆಗೆ ಹೋಗಬೇಕು. ಹೂವಿನ ವಿಷಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳು ಅವಳೇ. ಯಾವ ಮಡಿಯಲ್ಲಿ ಮೊಗ್ಗು ಉದುರಿತು, ಯಾವ ಸಾಲಿಗೆ ಮೊದಲು ರೋಗ ಬಂತು ಎಂಬುದು ಅವಳ ಕೈಗೆ ಗೊತ್ತು. ಅಂಥವಳು ನೋಡಿ ಬಂದರೆ ತೋಟಕ್ಕೆ ಆಗುವ ಲಾಭ ಹತ್ತು ಜನ ಹುಡುಗರು ಫೋಟೋ ಹಿಡಿದು ಬಂದರೂ ಆಗದು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಮಾತೆಯರ ಸಂಘದವರು ಮುಂದಿನ ಜನವರಿಯ ಪ್ರದರ್ಶನಕ್ಕೆ ವಾರದ ನಡುವೆ ಒಂದು ದಿನ ಗೊತ್ತುಮಾಡಲಿ. ಬಲಿಪೂಜೆಯನ್ನು ಆ ದಿನ ನಸುಕಿನಲ್ಲೇ ಅರ್ಪಿಸಲು ನಾವು ಸಿದ್ಧರಿದ್ದೇವೆ. ಆ ಒಂದು ದಿನ ಗಂಡಸರು ಹಾಲು ಕರೆದು, ಹೂ ಬಿಡಿಸಿ, ಬುಟ್ಟಿ ಕಳುಹಿಸಲಿ. ಕೂಲಿಗೆ ಹೋಗುವ ಸಹೋದರಿಯರ ಆ ದಿನದ ನಷ್ಟವನ್ನು ತೋಟದ ಒಡೆಯರು ತುಂಬಿಕೊಡಲಿ; ಇದು ದಾನವಲ್ಲ, ನ್ಯಾಯ. ಹೋಗಿ ಬಂದವರು ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ ತಾವು ಕಂಡದ್ದನ್ನು ಉಳಿದವರಿಗೆ ಹೇಳಲಿ. ಹೆಸರು ಕೊಡಬಯಸುವವರು ಸಂಘದ ಕಾರ್ಯದರ್ಶಿಯವರನ್ನು ಕಾಣಬಹುದು.